ನನ್ನ ಕಾಯಿಲೆಯ ಫೈಲು

ನಾನು ಕೇಂದ್ರ ಸರಕಾರದ ಒಂದು ಕಚೇರಿಯಲ್ಲಿ ಗುಮಾಸ್ತೆ. ಹನ್ನೆರಡು ವರ್ಷಗಳಿಂದ ನನ್ನ ಕೆಲಸವೆಂದರೆ ಬಂದ ಕಾಗದಕ್ಕೆ ನಂಬರು ಕೊಡುವುದು, ಅದರ ಹಿಂದಿನ ಕಾಗದ ಹುಡುಕುವುದು, ಕೆಳಗೆ ನಾಲ್ಕು ಸಾಲು ಟಿಪ್ಪಣಿ ಬರೆದು ಮೇಲಿನವರ ಮುಂದಿಡುವುದು. ಈಗ ಫೈಲುಗಳೆಲ್ಲ ಕಂಪ್ಯೂಟರಿನೊಳಗೆ ಹೋಗಿ ಕೂತಿವೆ. ದಾರವೂ ಇಲ್ಲ, ಧೂಳೂ ಇಲ್ಲ. ಆದರೆ ಫೈಲಿನ ಸ್ವಭಾವ ಮಾತ್ರ ಬದಲಾಗಿಲ್ಲ. ಕೆಲವು ಫೈಲುಗಳು ವರ್ಷಗಟ್ಟಲೆ ಒಬ್ಬರಿಂದ ಒಬ್ಬರಿಗೆ ಓಡಾಡುತ್ತವೆ. ಪ್ರತಿಯೊಬ್ಬರೂ ಕೊನೆಯ ಟಿಪ್ಪಣಿಯನ್ನಷ್ಟೇ ಓದಿ, ರುಜು ಹಾಕಿ, ಮುಂದಕ್ಕೆ ತಳ್ಳುತ್ತಾರೆ. ಮೊದಲ ಪುಟದಿಂದ ಓದಿದ ಪುಣ್ಯಾತ್ಮರು ಒಬ್ಬರೂ ಇರುವುದಿಲ್ಲ. ನನ್ನ ಶರೀರವೂ ೧೮ ವರ್ಷ ಅಂಥದೊಂದು ಫೈಲಾಗಿತ್ತು. ಆ ಕಥೆಯನ್ನು ಹೇಳಲು ಹೊರಟಿದ್ದೇನೆ.

ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಹೆಂಗಸರ ತಿಂಗಳ ಮುಟ್ಟಿನ ಮಾತೇಕೆ ಎಂದು ಹಿರಿಯರು ಹುಬ್ಬೇರಿಸಬಹುದು. ಮನೆಮಂದಿಯೆಲ್ಲ ಓದುತ್ತಾರೆಂದೇ ಇಲ್ಲಿ ಬರೆಯುತ್ತಿದ್ದೇನೆ. ಈ ಮಾತನ್ನು ಹೆಂಗಸರು ಹೆಂಗಸರ ಕಿವಿಯಲ್ಲಿ ಮಾತ್ರ ಹೇಳಿಕೊಂಡು ನಮ್ಮ ಮನೆಯಲ್ಲಿ ಎರಡು ತಲೆಮಾರು ಕಳೆಯಿತು. ಅದರಿಂದ ಏನಾಯಿತೆಂಬುದನ್ನು ಮುಂದೆ ನೀವೇ ನೋಡುವಿರಿ.

ನನ್ನದು ಅರಸೀಕೆರೆ. ತೆಂಗಿನ ತೋಟ ಮತ್ತು ರೈಲ್ವೆ ಜಂಕ್ಷನ್ನು, ಇವೆರಡು ನಮ್ಮ ಊರಿನ ಹೆಗ್ಗಳಿಕೆ. ೧೩ನೆಯ ವಯಸ್ಸಿಗೆ ನಾನು ದೊಡ್ಡವಳಾದೆ. ಆರತಿ, ಚಿಗಳಿ, ಕೊಬ್ಬರಿ ಬೆಲ್ಲ ಎಲ್ಲವೂ ಸಾಂಗವಾಗಿ ನಡೆಯಿತು. ಆಮೇಲೆ ನನ್ನ ಶರೀರಕ್ಕೆ ಆ ವಿಷಯವೇ ಮರೆತುಹೋದಂತಿತ್ತು. ಎರಡು ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ, ಕೆಲವು ಸಲ ಐದು ತಿಂಗಳಿಗೊಮ್ಮೆ ಮುಟ್ಟು ಬರುತ್ತಿತ್ತು. ಶಾಲೆಯ ಗೆಳತಿಯರು, "ನೀನು ಪುಣ್ಯವಂತೆ ಕಣೇ" ಎಂದರು. ೧೬ ತುಂಬುವ ಹೊತ್ತಿಗೆ ಗಲ್ಲದ ಕೆಳಗೆ ನಾಲ್ಕೈದು ದಪ್ಪ ಕೂದಲು ಬಂದವು; ಕತ್ತಿನ ಹಿಂಭಾಗ ಕಪ್ಪಾಯಿತು. ಅಮ್ಮ ಕಡಲೆಹಿಟ್ಟು ಹಚ್ಚಿ ಕತ್ತನ್ನು ತಿಕ್ಕಿಯೇ ತಿಕ್ಕಿದಳು. ಅದು ಕೊಳೆಯಾಗಿದ್ದರೆ ತಾನೇ ಹೋಗುವುದು?

೨೦೦೫ರಲ್ಲಿ ಅಮ್ಮ ನನ್ನನ್ನು ಒಬ್ಬ ವೈದ್ಯರಲ್ಲಿಗೆ ಕರೆದುಕೊಂಡು ಹೋದಳು. ಅವರು ನನ್ನನ್ನೇನೂ ಕೇಳಲಿಲ್ಲ. ಅಮ್ಮನ ಕಡೆ ತಿರುಗಿ, "ವಯಸ್ಸಿನ ಹುಡುಗಿ. ಮದುವೆ ಮಾಡಿ, ಎಲ್ಲ ಸರಿಹೋಗುತ್ತೆ" ಎಂದರು. ನನ್ನ ಫೈಲಿನ ಮೊದಲ ಟಿಪ್ಪಣಿ ಅದು.

ಹಾಸನದಲ್ಲಿ ಬಿ.ಎ. ಮುಗಿಸಿದೆ. ಪರೀಕ್ಷೆ ಕಟ್ಟಿ ೨೦೧೩ರಲ್ಲಿ ದೆಹಲಿಯಲ್ಲಿ ಕೆಲಸಕ್ಕೆ ಸೇರಿದೆ. ೨೦೧೬ರಲ್ಲಿ ಮದುವೆಯಾಗಿ ದ್ವಾರಕೆಯ ೧೨ನೆಯ ಸೆಕ್ಟರಿನಲ್ಲಿ ಮನೆ ಮಾಡಿದೆವು. ಮೊದಲು ನೋಡಲು ಬಂದಿದ್ದ ಒಂದು ಗಂಡಿನ ಕಡೆಯವರಲ್ಲಿ ಒಬ್ಬಾಕೆ ನನ್ನ ಗಲ್ಲವನ್ನು ಬೆಳಕಿಗೆ ತಿರುಗಿಸಿ ನೋಡಿದ್ದರು. ಆ ದಿನದಿಂದ ಚಿಮಟ ನನ್ನ ಕೈಚೀಲದ ಖಾಯಂ ನಿವಾಸಿಯಾಯಿತು. ಬೆಳಿಗ್ಗೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಕನ್ನಡಿಯೊಡನೆ ಯುದ್ಧ ಮಾಡದೆ ನಾನು ಆಫೀಸಿಗೆ ಹೊರಟದ್ದೇ ಇಲ್ಲ.

ಮದುವೆಯಾದರೂ ಏನೂ ಸರಿಹೋಗಲಿಲ್ಲ. ದ್ವಾರಕೆಯಲ್ಲಿ ವೈದ್ಯರಿಗೇನೂ ಬರಗಾಲವಿಲ್ಲ. ಪ್ರತಿ ಸೆಕ್ಟರಿನ ಮಾರುಕಟ್ಟೆಯಲ್ಲೂ ಮಿಠಾಯಿ ಅಂಗಡಿಗಳಷ್ಟೇ ಬೋರ್ಡುಗಳು. ಮೊದಲನೆಯವರು, "ಮಗು ಬೇಕಾದಾಗ ಬನ್ನಿ. ಒಂದು ಮಗುವಾದರೆ ಎಲ್ಲ ಸರಿಹೋಗುತ್ತೆ" ಎಂದರು. ಎರಡನೆಯವರು ನಾನು ಕುರ್ಚಿಯಲ್ಲಿ ಕೂರುವುದರೊಳಗೆ, "ತೂಕ ಇಳಿಸಿ" ಎಂದರು. ಮೂರನೆಯವರು ಮೂರು ತಿಂಗಳಿಗೆ ಮಾತ್ರೆ ಬರೆದುಕೊಟ್ಟರು. ಮಾತ್ರೆ ನುಂಗುವವರೆಗೆ ಗಡಿಯಾರದಂತೆ ಮುಟ್ಟು ಬಂತು. ನಿಲ್ಲಿಸಿದ ಮೇಲೆ ಯಥಾಪ್ರಕಾರ. ಮಾತ್ರೆ ಯಾತಕ್ಕೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೋದಲ್ಲೆಲ್ಲ ಹೊಸ ಸ್ಕ್ಯಾನು. ಹಳೆಯದನ್ನು ಕೊಟ್ಟರೆ, "ಇದು ಹಳೆಯದಾಯಿತು" ಎಂದು ಪಕ್ಕಕ್ಕಿಡುತ್ತಿದ್ದರು. ಬೀರುವಿನಲ್ಲಿ ನಾಲ್ಕು ಸ್ಕ್ಯಾನು ಸೇರಿದವು. ಒಂದರ ಕೆಳಗೆ "ಪಿ.ಸಿ.ಓ.ಡಿ." ಎಂಬ ಅಕ್ಷರಗಳಿದ್ದವು. ಅದೇನೆಂದು ಕೇಳಿದಾಗ, "ಈಗ ಎಲ್ಲ ಹುಡುಗಿಯರಿಗೂ ಇದೆ" ಎಂಬ ಉತ್ತರ ಬಂತು.

ಆಗ ನನಗೊಂದು ಯೋಚನೆ ಬಂತು. ಹಿಂದಿಯಲ್ಲಿ ಹೇಳಿಕೊಳ್ಳುವುದರಿಂದ ನನ್ನ ಕಷ್ಟ ಅವರಿಗೆ ಮುಟ್ಟುತ್ತಿಲ್ಲವೇನೋ! ನಮ್ಮಲ್ಲಾದರೋ 'ಹೊರಗಾಗಿದ್ದೇನೆ', 'ರಜ', 'ಮೂರು ದಿನ' ಎಂದು ಎಷ್ಟು ನಯವಾದ ಮಾತುಗಳಿವೆ! ಪರಿಚಿತರನ್ನು ವಿಚಾರಿಸಿ, ನಗರದ ಇನ್ನೊಂದು ಮೂಲೆಯಲ್ಲಿದ್ದ ಕನ್ನಡದ ವೈದ್ಯೆಯೊಬ್ಬರನ್ನು ಹುಡುಕಿಕೊಂಡು ಹೋದೆ. ಊರು ಕೇರಿ ವಿಚಾರಿಸಿದರು, ತೆಂಗಿನಕಾಯಿಯ ಧಾರಣೆ ಕೇಳಿದರು, ಕಾಫಿಯನ್ನೂ ಕೊಟ್ಟರು. ಕೊನೆಗೆ ಅಚ್ಚ ಹಾಸನದ ಕನ್ನಡದಲ್ಲಿ, "ತಲೆ ಕೆಡಿಸ್ಕೋಬೇಡ ಕಣಮ್ಮ, ಎಲ್ಲ ಸರಿಹೋಗುತ್ತೆ" ಎಂದರು. ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ.

೨೦೦೫ರ ಡಿಸೆಂಬರ್ ೩೧ರಂದು ದ್ವಾರಕೆಗೆ ಮೆಟ್ರೋ ರೈಲು ಬಂತಂತೆ. ನನ್ನ ಫೈಲು ತೆರೆದದ್ದೂ ಅದೇ ವರ್ಷ. ರೈಲು ಆಮೇಲೆ ಯಮುನೆಯನ್ನು ದಾಟಿ ನೋಯಿಡಾದ ಆ ತುದಿಯವರೆಗೂ ಹೋಯಿತು. ನನ್ನ ಫೈಲು ಮಾತ್ರ ಹೊರಟ ನಿಲ್ದಾಣದಲ್ಲೇ ನಿಂತಿತ್ತು.

೨೦೨೩ರ ಮೊದಲಿನಲ್ಲಿ ಐದು ತಿಂಗಳು ಮುಟ್ಟೇ ನಿಂತು, ಆಮೇಲೆ ಒಂದು ದಿನ ಶುರುವಾದದ್ದು ನಿಲ್ಲಲೇ ಇಲ್ಲ. ಅದು ಮಾರ್ಚ್ ತಿಂಗಳು. ಸರಕಾರಿ ಕಚೇರಿಯಲ್ಲಿ ಮಾರ್ಚ್ ಎಂದರೆ ಏನೆಂದು ಬಲ್ಲವರೇ ಬಲ್ಲರು. ವರ್ಷದ ಲೆಕ್ಕ ಮುಗಿಯುವವರೆಗೆ ರಜ ಕೇಳುವ ಧೈರ್ಯ ಯಾರಿಗೂ ಇಲ್ಲ. ಹತ್ತು ದಿನವಾಯಿತು, ಹದಿನೈದಾಯಿತು, ಇಪ್ಪತ್ತಾಯಿತು. ೨೩ನೆಯ ದಿನ ಬೆಳಿಗ್ಗೆ ರಾಜೀವ್ ಚೌಕದಲ್ಲಿ ರೈಲು ಬದಲಾಯಿಸಲು ಮೆಟ್ಟಿಲು ಹತ್ತುವಾಗ ಕಣ್ಣಿಗೆ ಕತ್ತಲೆ ಕಟ್ಟಿತು. ಎಚ್ಚರವಾದಾಗ ಯಾರೋ ಕಾಲೇಜು ಹುಡುಗಿ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರು ಕುಡಿಸುತ್ತಿದ್ದಳು. ರಕ್ತ ಪರೀಕ್ಷೆ ಮಾಡಿಸಿದಾಗ ಹೆಂಗಸರಿಗೆ ೧೨ ಗ್ರಾಂ ಇರಬೇಕಾದ ಹೀಮೊಗ್ಲೋಬಿನ್ ೭.೪ಕ್ಕೆ ಇಳಿದಿತ್ತು.

ನಮ್ಮ ವಿಭಾಗದಲ್ಲಿ ಆಗ ಕೇರಳದ ಹಿರಿಯರೊಬ್ಬರಿದ್ದರು. ನಾವೆಲ್ಲ ಅವರನ್ನು ಚೇಚಿ ಎಂದೇ ಕರೆಯುತ್ತಿದ್ದೆವು. ನನ್ನ ಕಥೆ ಕೇಳಿ ಅವರು ಅಯ್ಯೋ ಪಾಪ ಎನ್ನಲಿಲ್ಲ. "ತಾರೀಖಿಲ್ಲದ ಕಾಗದ ಬಂದರೆ ನೀನು ತೆಗೆದುಕೊಳ್ಳುತ್ತೀಯಾ?" ಎಂದು ಕೇಳಿದರು. ಇಲ್ಲವೆಂದೆ. "ಹಾಗಾದರೆ ವೈದ್ಯರ ಮುಂದೆ ಹೋಗಿ, ಸುಮಾರು ದಿನದಿಂದ, ಒಂದೊಂದು ಸಲ, ಏನೋ ಒಂಥರಾ ಎಂದೆಲ್ಲ ಹೇಳುತ್ತೀಯಲ್ಲ, ಅವರಾದರೂ ಏನೆಂದು ತೆಗೆದುಕೊಳ್ಳಬೇಕು?" ಎಂದರು. ಕೋಪ ಬಂತು. ತಪ್ಪೆಲ್ಲ ನನ್ನದೇ ಎಂದು ಈಗಲೂ ನಾನು ಒಪ್ಪುವುದಿಲ್ಲ. ಕೇಳುವುದು ಕೇಳುವವರ ಕೆಲಸ. ಆದರೂ ಆ ರಾತ್ರಿ ಕೂತು, ಹಳೆಯ ಡೈರಿ, ರಜ ಚೀಟಿ, ಔಷಧದ ಬಿಲ್ಲುಗಳನ್ನೆಲ್ಲ ಹರವಿಕೊಂಡು ಒಂದು ಪುಟದ ಟಿಪ್ಪಣಿ ತಯಾರಿಸಿದೆ. ನಮ್ಮ ಮನೆಯವರು ಒಂದೂ ಮಾತಾಡದೆ ಪಕ್ಕದಲ್ಲಿ ಕೂತು ಸ್ಕ್ಯಾನುಗಳನ್ನು ತಾರೀಖಿನ ಪ್ರಕಾರ ಜೋಡಿಸಿಕೊಟ್ಟರು.

ಸಿ.ಜಿ.ಎಚ್.ಎಸ್. ವೈದ್ಯರಿಂದ ಚೀಟಿ ಬರೆಸಿಕೊಂಡು ಒಂದು ದೊಡ್ಡ ಸರಕಾರಿ ಆಸ್ಪತ್ರೆಯ ಹಾರ್ಮೋನು ವಿಭಾಗಕ್ಕೆ ಹೋದೆ. ಬೆಳಿಗ್ಗೆ ಏಳಕ್ಕೆ ಸಾಲು ನಿಂತು, ಒಂದು ಗಂಟೆಗೆ ಒಳಗೆ ಕರೆದರು. ಕೂತಿದ್ದವರು ಬಿಹಾರದ ಕಡೆಯ ಒಬ್ಬ ತರುಣ ವೈದ್ಯರು. ನನ್ನ ತಮ್ಮನ ವಯಸ್ಸು. ಈ ಹುಡುಗನ ಮುಂದೆ ಗಲ್ಲದ ಕೂದಲಿನ ಮಾತೆತ್ತುವುದು ಹೇಗಪ್ಪಾ ಎಂದು ನಾಚಿಕೆಯಾಗಿ, ಬಾಯಿ ತೆರೆಯದೆ ಕಾಗದವನ್ನೇ ಮುಂದಿಟ್ಟೆ.

ಅವರು ಅದನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದರು. ಆಮೇಲೆ ಸ್ಕ್ಯಾನುಗಳನ್ನು ಒಂದೊಂದಾಗಿ ನೋಡಿದರು. ಹೊರಗೆ ಅರವತ್ತು ಜನ ಕಾದಿದ್ದರು. ಅವರು ಓದುತ್ತಲೇ ಇದ್ದರು. ನಾನು ಎದುರಿಗೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡೆ. ನನ್ನ ಫೈಲನ್ನು ಯಾರಾದರೂ ಪೂರ್ತಿ ಓದಿದ್ದು ಅದೇ ಮೊದಲು.

ಓದಿ ಮುಗಿಸಿ ಪ್ರಶ್ನೆಗಳನ್ನು ಶುರುಮಾಡಿದರು. ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ? ಅಮ್ಮನ ಅಕ್ಕತಂಗಿಯರಿಗೆ ಮಕ್ಕಳಿದ್ದಾರೆಯೇ? ನಿದ್ರೆ ಹೇಗೆ? ಮನಸ್ಸು ಹೇಗಿರುತ್ತದೆ? ಮಗು ಬೇಕೆಂದಿದೆಯೇ, ಬೇಕಾದರೆ ಯಾವಾಗ? ಔಷಧ ಅದರ ಮೇಲೆ ನಿಂತಿರುವುದರಿಂದ ಕೇಳುತ್ತಿದ್ದೇನೆ ಎಂದರು. ನನ್ನ ಉತ್ತರ ಏನೆಂಬುದು ನಮ್ಮಿಬ್ಬರ ಮನೆಯ ಮಾತು, ಇಲ್ಲಿ ಬರೆಯುವುದಿಲ್ಲ. ಆದರೆ ಅದನ್ನು ಪ್ರಶ್ನೆಯಾಗಿ ನನ್ನ ಮುಂದಿಟ್ಟವರು ಅವರೊಬ್ಬರೇ.

ನರ್ಸಮ್ಮನನ್ನು ಕರೆದು ಸೊಂಟದ ಸುತ್ತಳತೆ ತೆಗೆಸಿದರು. ನಮ್ಮ ದೇಶದ ಹೆಂಗಸರಿಗೆ ೮೦ ಸೆಂಟಿಮೀಟರಿನೊಳಗಿರಬೇಕಂತೆ, ನನ್ನದು ೯೨. ಕತ್ತಿನ ಕಪ್ಪನ್ನು ನೋಡಿದೊಡನೆ, ಇದು ಕೊಳೆಯಲ್ಲ, ಶರೀರದಲ್ಲಿ ಇನ್ಸುಲಿನ್ ಹೆಚ್ಚಾಗಿರುವ ಗುರುತು ಎಂದರು. ಅಮ್ಮ ಖರ್ಚು ಮಾಡಿದ ಕಡಲೆಹಿಟ್ಟೆಲ್ಲ ನೆನಪಾಯಿತು. ಕೂದಲಿನ ವಿಷಯಕ್ಕೆ ಅವರ ಬಳಿ ಒಂದು ನಮೂನೆಯೇ ಇತ್ತು. ಲಂಡನ್ನಿನ ಫೆರಿಮನ್ ಮತ್ತು ಗಾಲ್ವೇ ಎಂಬವರು ೧೯೬೧ರಲ್ಲಿ ಮಾಡಿದ್ದಂತೆ. ಈಗ ಬಳಸುವ ರೂಪದಲ್ಲಿ ಶರೀರದ ೯ ಜಾಗಗಳಿಗೆ ಸೊನ್ನೆಯಿಂದ ೪ರವರೆಗೆ ಅಂಕ ಕೊಟ್ಟು ಕೂಡುತ್ತಾರೆ. ಇಷ್ಟು ವರ್ಷ ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು ಅವಿಸಿಟ್ಟ ಸಂಗತಿಗೆ ಪ್ರಪಂಚದಲ್ಲಿ ಒಂದು ನಮೂನೆ, ಕಾಲಮ್ಮು, ಮೊತ್ತ ಎಲ್ಲ ಉಂಟೆಂದು ತಿಳಿದಾಗ ಗುಮಾಸ್ತೆಯಾದ ನನಗೆ ಆದ ಸಮಾಧಾನವನ್ನು ಹೇಗೆ ಹೇಳಲಿ!

ಆ ದಿನ ಅವರು ವಿವರಿಸಿದ್ದನ್ನು, ಆಮೇಲೆ ನಾನು ಓದಿ ತಿಳಿದದ್ದನ್ನು ಸೇರಿಸಿ ಹೇಳುತ್ತೇನೆ. ಇದರ ಹೆಸರು ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಅಂದರೆ ಪಿ.ಸಿ.ಓ.ಎಸ್. ಷಿಕಾಗೋ ನಗರದ ಸ್ಟೈನ್ ಮತ್ತು ಲೆವೆಂತಾಲ್ ಎಂಬ ಇಬ್ಬರು ವೈದ್ಯರು ೧೯೩೫ರಲ್ಲೇ ಏಳು ಮಂದಿ ಹೆಂಗಸರ ವಿಷಯ ಬರೆದು ಇದನ್ನು ವೈದ್ಯಲೋಕದ ಗಮನಕ್ಕೆ ತಂದರು. ಸ್ಕ್ಯಾನಿನಲ್ಲಿ ಕಾಣುವ ಗುಳ್ಳೆಗಳು ಗೆಡ್ಡೆಗಳಲ್ಲ, ಅರ್ಧ ಬೆಳೆದು ನಿಂತುಹೋದ ಅಂಡಗಳ ಪುಟ್ಟ ಚೀಲಗಳು. ೨೦೦೩ರಲ್ಲಿ ಹಾಲೆಂಡಿನ ರಾಟರ್‌ಡ್ಯಾಮಿನಲ್ಲಿ ತಜ್ಞರು ಸೇರಿ ಒಂದು ನಿಯಮ ಮಾಡಿದರು: ಮುಟ್ಟು ಕ್ರಮ ತಪ್ಪಿರುವುದು, ಗಂಡಸರ ಹಾರ್ಮೋನು ಹೆಚ್ಚಾದ ಗುರುತು, ಸ್ಕ್ಯಾನಿನಲ್ಲಿ ಆ ಬಗೆಯ ಅಂಡಾಶಯ, ಈ ಮೂರರಲ್ಲಿ ಎರಡಿದ್ದು, ಥೈರಾಯ್ಡ್ ಮೊದಲಾದ ಬೇರೆ ಕಾರಣಗಳಿಲ್ಲವೆಂದು ಖಚಿತವಾದರೆ ಈ ಕಾಯಿಲೆ ಇದೆಯೆಂದು ಲೆಕ್ಕ. ಅಮ್ಮ ನನ್ನನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋದಾಗ ಆ ನಿಯಮಕ್ಕೆ ಎರಡು ವರ್ಷವಾಗಿತ್ತು. ಮೊದಲಿನ ಎರಡು ಲಕ್ಷಣಗಳೂ ನನ್ನ ಮೈಮೇಲೇ ಇದ್ದವು.

ಮುಟ್ಟು ನಿಂತರೆ ಏನು ಮಹಾ ನಷ್ಟ ಎಂಬ ಪ್ರಶ್ನೆಗೂ ಉತ್ತರ ಸಿಕ್ಕಿತು. ಅಂಡ ಬಿಡುಗಡೆಯಾಗದಿದ್ದರೆ ಗರ್ಭಕೋಶದ ಒಳಪದರವನ್ನು ಹದದಲ್ಲಿಡುವ ಹಾರ್ಮೋನು ಹುಟ್ಟುವುದಿಲ್ಲ. ತಿಂಗಳು ತಿಂಗಳು ವಿಲೇವಾರಿಯಾಗಬೇಕಾದ ಕಾಗದ ಮೇಜಿನ ಮೇಲೆ ಬೆಳೆಯುವಂತೆ ಆ ಪದರ ದಪ್ಪವಾಗುತ್ತ ಹೋಗುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಕೆಲವರಲ್ಲಿ ಅದು ಕ್ಯಾನ್ಸರಿಗೆ ತಿರುಗುವ ಅಪಾಯವುಂಟು. ನನ್ನ ಒಳಪದರ ೧೮ ಮಿಲಿಮೀಟರ್ ಇತ್ತು. ಅದರ ತುಣುಕು ತೆಗೆದು ಪರೀಕ್ಷಿಸಲೇಬೇಕೆಂದು ಹೇಳಿ, ಪಕ್ಕದ ಸ್ತ್ರೀರೋಗ ವಿಭಾಗಕ್ಕೆ ತಾವೇ ಫೋನು ಮಾಡಿದರು. ಕೊನೆಗೆ ನಾನು ಕೇಳಿದೆ: "ಡಾಕ್ಟರೇ, ಇದು ಸರಿಹೋಗುತ್ತದೆಯೇ?" ಅವರು, "ಪೂರ್ತಿ ಹೋಗುವ ಕಾಯಿಲೆ ಇದಲ್ಲ. ಅಂಕೆಯಲ್ಲಿಡಬಹುದು. ಹನ್ನೊಂದನೆಯ ದಿನ ಬನ್ನಿ" ಎಂದರು. ಸುಳ್ಳು ಸಮಾಧಾನ ಹೇಳದ ಆ ಮಾತನ್ನು ನಾನು ಇಂದಿಗೂ ಮರೆತಿಲ್ಲ.

ಆ ಹನ್ನೊಂದು ದಿನದಲ್ಲಿ ಒಂದು ರಾತ್ರಿ ಅಮ್ಮನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಅಮ್ಮ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಕ್ಕನಿಗೂ ಹೀಗೇ ಇತ್ತು ಕಣೇ" ಎಂದಳು. ನಮ್ಮ ದೊಡ್ಡಮ್ಮ! ಮಕ್ಕಳಿರಲಿಲ್ಲ. ಆಕೆಯನ್ನು ಆರತಿಗೆ ಕರೆಯುತ್ತಿರಲಿಲ್ಲ. ಗಲ್ಲವನ್ನು ಯಾವಾಗಲೂ ಸೆರಗಿನಿಂದ ಮುಚ್ಚಿಕೊಳ್ಳುತ್ತಿದ್ದಳು. ಅದು ಆಕೆಯ ಅಭ್ಯಾಸವೆಂದು ನಾವು ಮಕ್ಕಳು ತಿಳಿದಿದ್ದೆವು. ಐವತ್ತು ದಾಟುವ ಮೊದಲೇ ಸಕ್ಕರೆ ಕಾಯಿಲೆ ಬಂತು. ಕೊನೆಗೆ ಗರ್ಭಕೋಶದಲ್ಲಿ ಹುಣ್ಣೆಂದು ಹಾಸನಕ್ಕೆ ಸೇರಿಸಿದರು. ಮನೆಗೆ ಮರಳಿ ಬರಲಿಲ್ಲ. "ಹುಣ್ಣು ಅಂದರೆ ಏನಮ್ಮಾ?" ಎಂದೆ. "ನಮಗೇನು ಗೊತ್ತೇ? ಗಂಡಸರ ಹತ್ತಿರ ಮಾತಾಡಿದರು" ಎಂದಳು. ಆಕೆಗೂ ನನ್ನದೇ ಕಾಯಿಲೆ ಇತ್ತೋ ಇಲ್ಲವೋ ಈಗ ಹೇಳುವವರಿಲ್ಲ. ದೊಡ್ಡಮ್ಮನದು ಒಂದು ಚೀಟಿ ಕೂಡ ಉಳಿದಿಲ್ಲ. ಫೋನಿಡುವಾಗ ಅಮ್ಮ, "ಆವತ್ತು ಆ ಡಾಕ್ಟರ ಮಾತು ಕೇಳಿ ಸುಮ್ಮನಾದೆನಲ್ಲ" ಎಂದು ಅತ್ತಳು. ಪಾಪ, ಕರೆದುಕೊಂಡು ಹೋದವಳೂ ಅವಳೊಬ್ಬಳೇ.

ಹನ್ನೊಂದನೆಯ ದಿನ ವರದಿ ಬಂತು. ಕ್ಯಾನ್ಸರ್ ಇರಲಿಲ್ಲ. ಒಳಪದರ ಮಿತಿಮೀರಿ ಬೆಳೆದಿತ್ತು. ಹೊತ್ತಿಗೆ ಸರಿಯಾಗಿ ಸಿಕ್ಕಿತು ಎಂದರು. ಆರು ತಿಂಗಳು ಹಾರ್ಮೋನು ಮಾತ್ರೆ, ಜೊತೆಗೆ ಕಬ್ಬಿಣದ ಮಾತ್ರೆ. ೭೫ ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ಮೇಲೆ ನೋಡಿದಾಗ ರಕ್ತದ ಸಕ್ಕರೆ ೧೬೮ ಇತ್ತು. ೧೪೦ರೊಳಗಿರಬೇಕು; ೨೦೦ ಮುಟ್ಟಿದರೆ ಸಕ್ಕರೆ ಕಾಯಿಲೆ. ಅಂದರೆ ನಾನು ದೊಡ್ಡಮ್ಮನ ದಾರಿಯಲ್ಲಿ ಅರ್ಧಕ್ಕೆ ಬಂದಿದ್ದೆ. ಅದಕ್ಕೆ ಮೆಟ್‌ಫಾರ್ಮಿನ್ ಮಾತ್ರೆ. ತೂಕದ ಮಾತು ಇಲ್ಲಿಯೂ ಬಂತು. ಆದರೆ ಹೇಳಿದ ರೀತಿಯೇ ಬೇರೆ: "ತೂಕ ಈ ಕಾಯಿಲೆಯ ಒಂದು ಭಾಗ, ನಿಮ್ಮ ಅಪರಾಧವಲ್ಲ. ನೂರಕ್ಕೆ ಐದರಷ್ಟು ಇಳಿದರೂ ಉಪಕಾರವಾಗುತ್ತದೆ." ೬೮ ಕಿಲೋ ಇದ್ದವಳಿಗೆ ಮೂರೂವರೆ ಕಿಲೋ ಎಂದರೆ ಸಾಧ್ಯವೆನಿಸಿತು. ಅನ್ನ ಕಡಿಮೆ ಮಾಡಿ ರಾಗಿಮುದ್ದೆ, ಸೊಪ್ಪಿನ ಸಾರು ಹೆಚ್ಚು ಮಾಡಿದೆ. ಸಂಜೆ ಒಂದು ನಿಲ್ದಾಣ ಮೊದಲೇ ಇಳಿದು ಮನೆಗೆ ನಡೆಯುತ್ತೇನೆ. ಆರು ತಿಂಗಳ ಮೇಲೆ ಮತ್ತೆ ತುಣುಕು ಪರೀಕ್ಷೆ ಮಾಡಿದರು; ಪದರ ಸಹಜ ಸ್ಥಿತಿಗೆ ಬಂದಿತ್ತು. ಕೂದಲು ಪೂರ್ತಿ ಹೋಗಿಲ್ಲ. ಚಿಮಟವನ್ನು ಈಗಲೂ ಇಟ್ಟುಕೊಂಡಿದ್ದೇನೆ, ಬಾಗಿಲು ಮಾತ್ರ ಹಾಕಿಕೊಳ್ಳುವುದಿಲ್ಲ.

ಪ್ರಪಂಚದಲ್ಲಿ ಹೆರುವ ವಯಸ್ಸಿನ ಹೆಂಗಸರಲ್ಲಿ ಸುಮಾರು ಹತ್ತರಲ್ಲೊಬ್ಬರಿಗೆ ಈ ತೊಂದರೆಯಿದೆಯೆಂದೂ, ಅವರಲ್ಲಿ ನೂರಕ್ಕೆ ೭೦ರವರೆಗೆ ಅದು ಗೊತ್ತೇ ಆಗಿರುವುದಿಲ್ಲವೆಂದೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹಾಗಾದರೆ ಇದನ್ನು ಓದುತ್ತಿರುವ ಮನೆಗಳಲ್ಲೂ ಯಾರಾದರೂ ಇರಲೇಬೇಕಲ್ಲವೆ? ಸಹೋದರಿಯರಿಗೆ ನಾನು ಹೇಳುವುದು ಇಷ್ಟು. ಮುಟ್ಟಿನ ತಾರೀಖುಗಳನ್ನು ಬರೆದಿಡಿ. ಬಸುರಿಯಲ್ಲದೆ ಮೂರು ತಿಂಗಳು ಮುಟ್ಟು ಬರದಿದ್ದರೆ ಕಾಯಬೇಡಿ. ಹಳೆಯ ಕಾಗದಗಳನ್ನು ತಾರೀಖಿನಂತೆ ಜೋಡಿಸಿ, ಒಂದು ಪುಟದ ಟಿಪ್ಪಣಿಯೊಡನೆ ಒಯ್ಯಿರಿ. ನನ್ನ ಕಾಯಿಲೆಯ ಹೆಸರೇನು, ಈ ಔಷಧ ಯಾತಕ್ಕೆ, ಮತ್ತೆ ಯಾವಾಗ ಬರಲಿ, ಈ ಮೂರನ್ನು ಕೇಳದೆ ಎದ್ದು ಬರಬೇಡಿ. ಉತ್ತರ ಸಿಗದಿದ್ದರೆ ಬೇರೆಯವರಲ್ಲಿಗೆ ಹೋಗಲು ಸಂಕೋಚಪಡಬೇಡಿ. ಹೆಣ್ಣುಮಕ್ಕಳಿರುವ ತಾಯಂದಿರು ಇನ್ನೊಂದು ಮಾತನ್ನು ನೆನಪಿಡಬೇಕು. ದೊಡ್ಡವಳಾದ ಮೊದಲ ಒಂದೆರಡು ವರ್ಷ ಮುಟ್ಟು ಹಿಂದುಮುಂದಾಗುವುದು ಸಹಜ. ಈ ಕಾಯಿಲೆಯನ್ನು ಗೊತ್ತುಮಾಡಲು ಎಂಟು ವರ್ಷ ತುಂಬುವವರೆಗೆ ಸ್ಕ್ಯಾನು ಬೇಡವೆಂದು ೨೦೨೩ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಹಾಗೆಂದು ಮಗಳ ಮಾತನ್ನು ಕೇಳದೆ ಬಿಡಬೇಡಿ.

ಕಳೆದ ದಸರೆಗೆ ಊರಿಗೆ ಹೋಗಿದ್ದೆ. ಅಕ್ಕನ ಮಗಳಿಗೆ ಈಗ ೧೭. ಅವಳೂ ಕುಪ್ಪಸದ ಕತ್ತನ್ನು ಮೇಲಕ್ಕೆಳೆದುಕೊಳ್ಳುತ್ತಿದ್ದುದನ್ನು ಕಂಡೆ. ಊಟವಾದ ಮೇಲೆ ಜಗಲಿಯಲ್ಲಿ ಭಾವ, ಅಕ್ಕ, ಅಮ್ಮ ಎಲ್ಲರೂ ಕೂತಿದ್ದಾಗ ನನ್ನ ಕಥೆಯನ್ನು ಮೊದಲಿನಿಂದ ಹೇಳಿದೆ. ಭಾವ ಎದ್ದು ಹೋಗುತ್ತಾರೇನೋ ಎಂದುಕೊಂಡಿದ್ದೆ, ಹೋಗಲಿಲ್ಲ. ಮರುದಿನ ಬೆಳಿಗ್ಗೆ ಅಡಿಗೆಮನೆಯ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಒಂದು ತಾರೀಖಿಗೆ ಕೆಂಪು ಶಾಯಿಯ ಗುರುತಿತ್ತು. ಯಾರು ಹಾಕಿದ್ದೆಂದು ನಾನು ಕೇಳಲಿಲ್ಲ.